ಹಪ್ಪಳ ಒಂದು ಕಡೆ, ಬಿಸಿಲಿನ ಪೆಟ್ಟಿಗೆ ಇನ್ನೊಂದು ಕಡೆ

ಮೊನ್ನೆ ಶಿರಸಿ ಹತ್ತಿರದ ಊರೊಂದರ ಶಾಲೆಯ ಮೈದಾನದಲ್ಲಿ ಸ್ಥಳೀಯ ಆಹಾರ ಮತ್ತು ಪರ್ಯಾಯ ಇಂಧನದ ಮೇಳ ನಡೆಯಿತು. ಹುಳಿ ಮಾವಿನಕಾಯಿಯ ಅಪ್ಪೆಹುಳಿಯನ್ನು ಎರಡು ಲೋಟ ಕುಡಿದು ಬಂದಿದ್ದೇನೆ, ಹಾಗಾಗಿ ನನ್ನ ತಕರಾರು ಹಸಿದ ಹೊಟ್ಟೆಯದಲ್ಲ.

ನಮ್ಮ ಕಡೆಯ ಸಿಹಿ ತಿಂಡಿ ತೊಡದೇವು ಮಾಡುವವರ ಮುಂದೆ ಅರ್ಧ ಗಂಟೆ ನಿಂತಿದ್ದೆ. ಬೋರಲು ಹಾಕಿದ ಮಡಕೆ, ಅದರೊಳಗೆ ಬೆಂಕಿ. ಕಬ್ಬಿನ ಹಾಲು ಬೆರೆಸಿದ ಅಕ್ಕಿ ಹಿಟ್ಟಿಗೆ ಬಟ್ಟೆ ಅದ್ದಿ ಮಡಕೆಯ ಬೆನ್ನಿಗೆ ತೊಡೆದರೆ ಕಾಗದದಷ್ಟು ತೆಳ್ಳಗಿನ ಪದರ. ಉರಿ ಹೆಚ್ಚಾದರೆ ಕರಕಲು, ಕಡಿಮೆಯಾದರೆ ಏಳುವುದೇ ಇಲ್ಲ. ಆಕೆಯ ಕಣ್ಣು ಹಿಟ್ಟಿಗಿಂತ ಹೆಚ್ಚು ಬೆಂಕಿಯ ಮೇಲೇ ಇತ್ತು. ನಮ್ಮ ಅಡುಗೆಯೆಂದರೆ ಅರ್ಧ ಉರಿಯ ಲೆಕ್ಕ. ಮೇಳ ಮಾಡಿದವರು ಮಾತ್ರ ತಿಂಡಿಯನ್ನು ಮೈದಾನದ ಈ ತುದಿಗೂ ಇಂಧನವನ್ನು ಆ ತುದಿಗೂ ಇಟ್ಟಿದ್ದರು.

ವೇದಿಕೆಯಲ್ಲಿ ಒಬ್ಬರು ಗೋಬರ್ ಗ್ಯಾಸ್ ಎಂದರೇನು ಎಂದು ವಿವರಿಸಿದರು. ಅದರ ಬಗ್ಗಡವನ್ನು ವರ್ಷಗಟ್ಟಲೆ ಅಡಿಕೆ ತೋಟಕ್ಕೆ ಹೊತ್ತವರೇ ಎದುರಿಗೆ ಕೂತಿದ್ದರು! ಕೊಟ್ಟಿಗೆಯಲ್ಲಿ ಎರಡೇ ದನ ಉಳಿದಾಗ ಆ ಗುಂಡಿಯನ್ನು ಏನು ಮಾಡಬೇಕು ಎಂಬುದು ಅವರ ಪ್ರಶ್ನೆ. ಅದಕ್ಕೆ ಸಮಯ ಸಿಗಲಿಲ್ಲ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣು ವಿದ್ಯುತ್ ಘಟಕಗಳು, ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು. ಇಷ್ಟು ಕರೆಂಟು ಹುಟ್ಟಿಸುವ ಜಿಲ್ಲೆಯವರು ನಾವು. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಚಿಮಣಿ ದೀಪ ಹುಡುಕುವವರೂ ನಾವೇ. ನಮಗೆ ಬೇಕಾದದ್ದು ಪರಿಚಯ ಭಾಷಣವಲ್ಲ.

ಸೋಲಾರ್ ಡ್ರೈಯರ್ ಮಳಿಗೆಯಲ್ಲಿ ಟೊಮೆಟೊ ಹೋಳು ಒಣಗುತ್ತಿತ್ತು. ಮೇಲೆ ಗಾಜು, ಒಳಗೆ ಕಪ್ಪು ತಗಡು, ಬಿಸಿಗಾಳಿ ಹೊರಹೋಗಲು ಕೊಳವೆ. ಪೆಟ್ಟಿಗೆ ಚೆನ್ನಾಗಿಯೇ ಇತ್ತು. ಆದರೆ ನಮ್ಮಲ್ಲಿ ಟೊಮೆಟೊ ಒಣಗಿಸುವವರು ಯಾರು? ಹಲಸಿನಕಾಯಿ ಬಲಿತು ಹಪ್ಪಳ ಹಚ್ಚುವ ಹೊತ್ತಿಗೇ ಸಂಜೆಯ ಮಳೆ ಶುರುವಾಗುತ್ತದೆ, ಚಾಪೆ ಎತ್ತಿಕೊಂಡು ಓಡುವುದೇ ಕೆಲಸ. ಹಪ್ಪಳ ಮಾರುತ್ತಿದ್ದ ಅತ್ತೆಯನ್ನು ನಾನೇ ಆ ತುದಿಗೆ ಕರೆದುಕೊಂಡು ಹೋದೆ.

"ತಮ್ಮಾ, ಇದರಲ್ಲಿ ಎಷ್ಟು ಹಪ್ಪಳ ಹಿಡಿಯುತ್ತದೆ?"

ಹುಡುಗ ತಟ್ಟೆಗಳನ್ನು ಎಣಿಸಿ, "ಐವತ್ತು ಹಿಡಿಯಬಹುದು ಅತ್ತೆ" ಎಂದ.

"ನಾವು ದಿನಕ್ಕೆ ನಾನೂರು ಹಚ್ಚುತ್ತೇವೆ. ಮೋಡ ಬಂದರೆ?"

"ಮೋಡ ಬಂದರೆ ನಿಧಾನ" ಎಂದು ಒಪ್ಪಿಕೊಂಡ. ಆ ಪ್ರಾಮಾಣಿಕತೆ ನನಗೆ ಹಿಡಿಸಿತು. ಅವನು ಜೇಬಿನಿಂದ ಪುಸ್ತಕ ತೆಗೆದು 'ನಾನೂರು' ಎಂದು ಬರೆದುಕೊಂಡ. ಅತ್ತೆ ತಟ್ಟೆಯ ಅಗಲವನ್ನು ಗೇಣಿನಲ್ಲಿ ಅಳೆದು, "ಮೇ ತಿಂಗಳಲ್ಲಿ ಹಸಿ ಹಪ್ಪಳ ಇರುತ್ತದೆ, ಪೆಟ್ಟಿಗೆ ಹೊತ್ತುಕೊಂಡು ನಮ್ಮನೆಗೆ ಬಾ. ಊಟ ಅಲ್ಲೇ" ಎಂದರು.