ಪರ-ವಿರೋಧ: ಶಾಲೆಗಳು ಮಕ್ಕಳನ್ನು ಹಾಡು-ಕುಣಿತದ ಸ್ಪರ್ಧೆಗೆ ಕಳಿಸಬೇಕೇ?

ಪರ: ಕುಣಿದರೆ ಮಾರ್ಕ್ಸ್ ಕಡಿಮೆಯಾಗುವುದಿಲ್ಲ

ಶಿಕ್ಷಣ ಇಲಾಖೆ ಶಾಲಾ ಮಕ್ಕಳಿಗೆ ನಡೆಸುವ ಪ್ರತಿಭಾ ಕಾರಂಜಿ ಸ್ಪರ್ಧೆಯ ಸುತ್ತೋಲೆ ಬಂದ ಕೂಡಲೇ ಪೋಷಕರ ಫೋನ್ ಶುರುವಾಗುತ್ತದೆ. ‘ಟೀಚರ್, ನಮ್ಮ ಮಗನ ಹೆಸರು ಕೊಡಬೇಡಿ, ಹತ್ತನೇ ಕ್ಲಾಸು ಅಲ್ವಾ?’ ಸ್ಪರ್ಧೆಗೆ ಹೋದರೆ ಓದು ಕೆಡುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿ. ಇದಕ್ಕೆ ನಮ್ಮ ಜಿಲ್ಲೆಗಳೇ ಉತ್ತರ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಯಕ್ಷಗಾನ, ಭರತನಾಟ್ಯ, ಹುಲಿವೇಷ ಅಂತ ಮಕ್ಕಳು ವೇದಿಕೆ ಹತ್ತುವ ಊರುಗಳೂ ಇವೇ. ಮತ್ತೆ ಹೆದರಿಕೆ ಯಾಕೆ?

ಡ್ಯಾನ್ಸ್, ಸಂಗೀತದ ಕ್ಲಾಸಿಗೆ ಹೋಗಿ ಕಲಿತವರಿಗೆ ಮಾತ್ರ ಜಾಗ ಅನ್ನುವುದೂ ತಪ್ಪು. ಮಿಮಿಕ್ರಿ, ಕಂಠಪಾಠ, ಜಾನಪದ ನೃತ್ಯ, ಕವ್ವಾಲಿ ಎಲ್ಲವೂ ಪಟ್ಟಿಯಲ್ಲಿವೆ. ತುಳುನಾಡಿನ ಜಾನಪದ ನೃತ್ಯವಾದ ಕಂಗೀಲು ಕುಣಿತವನ್ನು ಊರಿನ ಹಿರಿಯರೇ ಹೇಳಿಕೊಡಬಲ್ಲರು. ಖರ್ಚಿನ ಮಾತು ಎತ್ತುವವರಿದ್ದಾರೆ. ಹುಟ್ಟುಹಬ್ಬದ ಕೇಕಿಗೆ ಇಲ್ಲದ ಲೆಕ್ಕ ಇದಕ್ಕೆ ಮಾತ್ರ ಯಾಕೆ?

ಎಲ್ಲ ತೀರ್ಪೂ ಸರಿ ಅಂತ ನಾನು ಹೇಳುವುದಿಲ್ಲ. ಆ ಬಗ್ಗೆ ನನಗೂ ಬೇಸರವಿದೆ. ಆದರೆ ಹಳ್ಳಿ ಶಾಲೆಯ ಎಷ್ಟೋ ಮಕ್ಕಳಿಗೆ ಬಸ್ಸು ಹತ್ತಿ ಹೋಗಿ ಬೇರೆ ಊರಿನ ಮೈಕಿನ ಮುಂದೆ ನಿಲ್ಲಲು ಇರುವ ಅವಕಾಶ ಇದೊಂದೇ. ಅದನ್ನು ಕಿತ್ತುಕೊಳ್ಳಬಾರದು.

ವಿರೋಧ: ವೇದಿಕೆ ಕೊಡಿ, ಸ್ಥಾನ ಬೇಡ

ಓದು ಕೆಡುತ್ತದೆ ಎಂಬುದು ನನ್ನ ತಕರಾರಲ್ಲ. ಹಾಡು-ಕುಣಿತದ ಮೇಲೆ ಮಗುವಿಗಿದ್ದ ಪ್ರೀತಿಯೇ ಹೋಗಿಬಿಡುತ್ತದೆ. ನನ್ನ ಸಂಕಟ ಅದು.

ಅಕ್ಕನ ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಜಾನಪದ ನೃತ್ಯದ ತಂಡದಲ್ಲಿದ್ದಳು. ಬೆಳಗ್ಗೆಯೇ ಬಣ್ಣ ಹಚ್ಚಿ ಕೂರಿಸಿದ್ದರು. ಹೆಸರು ಕರೆಯುವಾಗ ಸಂಜೆಯಾಗಿತ್ತು. ಬಣ್ಣ ಹಾಳಾಗುತ್ತದೆ ಅಂತ ಮಕ್ಕಳು ಸರಿಯಾಗಿ ಊಟವನ್ನೂ ಮಾಡಿರಲಿಲ್ಲ. ಮೊದಲ ಸ್ಥಾನ ಹೋದದ್ದು ಮಿರಿಮಿರಿ ಮಿಂಚುವ ಬಾಡಿಗೆ ಉಡುಪು ತೊಟ್ಟ, ಹೊರಗಿನ ಡ್ಯಾನ್ಸ್ ಮಾಸ್ತರು ತಯಾರು ಮಾಡಿದ ತಂಡಕ್ಕೆ. ಮೊದಲ ಸ್ಥಾನದವರಷ್ಟೇ ಮುಂದಿನ ಹಂತಕ್ಕೆ ಹೋಗುವುದು. ವಾಪಸ್ ಬರುವಾಗ ಅವಳು ಕೇಳಿದಳು: ‘ಮಾವ, ನಾವು ಚಂದ ಮಾಡ್ಲಿಲ್ವಾ?’ ಚಂದವೇ ಮಾಡಿದ್ದರು. ಮರುವರ್ಷ ಅವಳು ಹೆಸರು ಕೊಡಲಿಲ್ಲ. ಸೋಲು ಪಾಠ ಕಲಿಸುತ್ತದೆ ಅನ್ನುತ್ತಾರಲ್ಲ, ಅಷ್ಟು ಸಣ್ಣ ಮಗುವಿಗೆ ಅದು ಕಲಿಸಿದ್ದು ಇಷ್ಟೇ: ದುಡ್ಡು ಇದ್ದವರು ಗೆಲ್ಲುತ್ತಾರೆ.

ಬಹುಮಾನ ಇಲ್ಲದಿದ್ದರೆ ಮಕ್ಕಳು ಅಭ್ಯಾಸ ಮಾಡುವುದಿಲ್ಲ ಎಂಬುದು ಎಲ್ಲಕ್ಕಿಂತ ದೊಡ್ಡ ತಪ್ಪು ಕಲ್ಪನೆ. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಲ್ಲಿ ಗುರುಗಳಿಂದ ಯಕ್ಷಗಾನ ಕಲಿಸುತ್ತದೆ. ಮಕ್ಕಳು ತಿಂಗಳುಗಟ್ಟಲೆ ಹೆಜ್ಜೆ, ತಾಳ, ಮಾತು ಕಲಿಯುತ್ತಾರೆ. ಆಮೇಲೆ ಕಿಶೋರ ಯಕ್ಷಗಾನದಲ್ಲಿ ಒಂದೊಂದು ಶಾಲೆಯೂ ತನ್ನ ಪ್ರಸಂಗ ಆಡಿ ತೋರಿಸುತ್ತದೆ. ಪೂರ್ತಿ ವೇಷ, ಭಾಗವತರು, ಚೆಂಡೆ, ಮದ್ದಳೆ ಎಲ್ಲವೂ ಇರುತ್ತದೆ. ಹುಡುಗಿಯರೂ ಗೆಜ್ಜೆ ಕಟ್ಟಿ ಪುಂಡುವೇಷದಲ್ಲಿ, ಅಂದರೆ ಎಳೆಯ ವೀರನ ಪಾತ್ರದಲ್ಲಿ, ಗಿರಕಿ ಹೊಡೆಯುತ್ತಾರೆ. ಎದುರಿಗೆ ಅಪ್ಪ ಅಮ್ಮ, ಅಜ್ಜಿ, ನೆರೆಕರೆಯವರು ಕೂತಿರುತ್ತಾರೆ. ಯಾರೂ ಸೋತು ಮನೆಗೆ ಹೋಗುವುದಿಲ್ಲ. ಹಾಗಂತ ಅಭ್ಯಾಸದಲ್ಲಿ ಏನಾದರೂ ಕಡಿಮೆಯಾಯಿತೇ? ಒಮ್ಮೆ ಹೋಗಿ ನೋಡಿ ಹೇಳಿ.

ಕೇರಳದ ಉದಾಹರಣೆ ಕೊಡುವವರು ಜಾಸ್ತಿ. ಅಲ್ಲಿ ಶಾಲಾ ಕಲೋತ್ಸವ ಶುರುವಾದದ್ದು 1957ರಲ್ಲಿ. ಯಕ್ಷಗಾನವೂ ಅಲ್ಲಿ ಒಂದು ಸ್ಪರ್ಧೆ, ಗ್ರೇಸ್ ಮಾರ್ಕ್ಸ್ ಕೂಡ ಉಂಟು. ಆದರೆ ಪೈಪೋಟಿ ಮಿತಿಮೀರಿ, ಹೆಚ್ಚು ಅಂಕ ಗಳಿಸಿದ ಹುಡುಗಿ, ಹುಡುಗನಿಗೆ ಕೊಡುತ್ತಿದ್ದ ಕಲಾತಿಲಕ, ಕಲಾಪ್ರತಿಭಾ ಬಿರುದುಗಳನ್ನು ಅವರೇ ನಿಲ್ಲಿಸಬೇಕಾಯಿತು. ತೀರ್ಪಿನ ಮೇಲೆ ಅಪೀಲು ಹಾಕುವುದು ಅಲ್ಲಿ ಮಾಮೂಲು.

ಪ್ರಾಥಮಿಕ ಶಾಲೆಯ ಮಟ್ಟದಲ್ಲಾದರೂ ಮೊದಲ, ಎರಡನೆಯ ಸ್ಥಾನ ಕೊಡುವುದನ್ನು ನಿಲ್ಲಿಸಲಿ. ಅಕ್ಕಪಕ್ಕದ ಶಾಲೆಗಳ ಒಂದು ಗುಂಪಿಗೆ, ಅಂದರೆ ಕ್ಲಸ್ಟರಿಗೆ, ಒಬ್ಬರಾದರೂ ಸಂಗೀತದ ಟೀಚರನ್ನು ಕೊಡಲಿ. ಸ್ಪರ್ಧೆಯ ಮಾತು ಆಮೇಲೆ ಆಡೋಣ.