ಕಾಫಿ ಪಲ್ಪಿಂಗ್ ನೀರು (ಹಣ್ಣಿನ ಸಿಪ್ಪೆ ಸುಲಿದು ಬೀಜ ತೊಳೆದ ನೀರು) ತೋಡಿಗೆ ಬಿಡಬೇಡಿ ಅಂತೀರಿ, ಸರಿ. ಎಲ್ಲಿಗೆ ಕೊಡೋಣ?

ಜನವರಿ ಬಂದ್ರೆ ಕೊಡಗಿನಲ್ಲಿ ಪ್ರತಿ ವರ್ಷ ಅದೇ ಜಗಳ. ತೋಡಿನ ನೀರು ಕಂದು ಬಣ್ಣಕ್ಕೆ ತಿರುಗಿದೆ, ವಾಸನೆ ತಡೆಯೋಕಾಗಲ್ಲ ಅಂತ ಕೆಳಗಿನವರು. ನಾವಲ್ಲ, ಇನ್ನೂ ಮೇಲಿನ ತೋಟದವರು ಬಿಟ್ಟಿರೋದು ಅಂತ ಮೇಲಿನವರು. ಒಂದು ನೋಟಿಸ್, ಪೇಪರಲ್ಲಿ ಒಂದು ಫೋಟೋ. ಆಮೇಲೆ ಕಾಫಿ ಹೂ ಅರಳಿಸೋ ಹೂಮಳೆ ಬೀಳುತ್ತೆ, ಎಲ್ಲರೂ ಮರೆತುಬಿಡುತ್ತಾರೆ.

ನೋಟಿಸಿನಿಂದ ಇದು ಬಗೆಹರಿಯುವುದಿಲ್ಲ ಅನ್ನೋದು ನನ್ನ ಅಭಿಪ್ರಾಯ. ದೊಡ್ಡ ಎಸ್ಟೇಟಿನವರಿಗೆ ಜಾಗ ಇದೆ, ದುಡ್ಡಿದೆ, ಸಾಲಾಗಿ ಹೊಂಡ ತೋಡಿಸಿ ಸುಣ್ಣ ಹಾಕಿ ಅಲ್ಲೇ ಸಂಸ್ಕರಿಸಲಿ. ಹತ್ತು ಎಕರೆ ಇಳಿಜಾರಿನಲ್ಲಿ ಕಣ, ಪಲ್ಪರ್ (ಹಣ್ಣು ಸುಲಿಯುವ ಯಂತ್ರ), ಮನೆ ಎಲ್ಲಾ ಒತ್ತೊತ್ತಾಗಿ ಇಟ್ಟುಕೊಂಡು, ಕೆಳಗೆ ಪಕ್ಕದವರ ಗದ್ದೆ ಇರುವವರು ಏನು ಮಾಡಬೇಕು? ಅವರ ನೀರನ್ನು ಟ್ಯಾಂಕರ್‌ನಲ್ಲಿ ತಂದರೆ ಪರೀಕ್ಷೆ ಮಾಡಿ, ಶುಲ್ಕ ತಗೊಂಡು, ಶುದ್ಧ ಮಾಡುವ ಒಂದು ಘಟಕ ಜಿಲ್ಲೆಯೊಳಗೇ ಬೇಕು.

"ಅದೇನು ವಿಷ ಅಲ್ವಲ್ಲ, ಹಣ್ಣಿನ ರಸ ತಾನೇ" ಅಂತ ಹೇಳೋರು ಜಾಸ್ತಿ. ವಿಷ ಅಲ್ಲ, ನಿಜ. ಅಪಾಯಕಾರಿ ತ್ಯಾಜ್ಯದ ಪಟ್ಟಿಗೂ ಸೇರೋದಿಲ್ಲ. ಆದರೆ ಬೀಜದ ಮೇಲಿನ ಲೋಳೆಯಲ್ಲಿರೋದು ಸಕ್ಕರೆ ಮತ್ತು ಪೆಕ್ಟಿನ್. ಅದು ಹೊಳೆಗೆ ಇಳಿದ ತಕ್ಷಣ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಅವು ನೀರಿನಲ್ಲಿರುವ ಆಮ್ಲಜನಕವನ್ನೆಲ್ಲಾ ಎಳೆದುಕೊಳ್ಳುತ್ತವೆ, ಮೀನು ಉಸಿರುಕಟ್ಟಿ ಸಾಯುತ್ತದೆ. ನದಿಗೆ ಬಿಡುವ ನೀರಿನ ಬಿಒಡಿ (ಕೊಳೆ ಕರಗಿಸಲು ಬ್ಯಾಕ್ಟೀರಿಯಾಗಳು ಎಳೆಯುವ ಆಮ್ಲಜನಕದ ಅಳತೆ) ಲೀಟರಿಗೆ 30 ಮಿಲಿಗ್ರಾಂ ಒಳಗಿರಬೇಕು, ಭೂಮಿಗೆ ಹಾಯಿಸುವುದಾದರೆ 100 ಅಂತ ನಿಯಮ. ಪಲ್ಪಿಂಗ್ ನೀರಿನಲ್ಲಿ ಅದು ಸಾವಿರಗಳ ಲೆಕ್ಕದಲ್ಲಿರುತ್ತದೆ. ಮೇಲಾಗಿ ಹುಳಿ ಬಂದು ಪಿಎಚ್ 4ರ ಆಸುಪಾಸಿಗೆ ಇಳಿದಿರುತ್ತದೆ. ಜುಲೈ ಪ್ರವಾಹದಲ್ಲಾಗಿದ್ದರೆ ಕೊಚ್ಚಿಕೊಂಡು ಹೋಗುತ್ತಿತ್ತೇನೋ, ನಾವು ಬಿಡೋದು ಹೊಳೆ ಸೊರಗಿರುವ ಬೇಸಿಗೆ ಬಾಗಿಲಲ್ಲಿ. ಅಕ್ಟೋಬರ್‌ನಲ್ಲಿ ತೀರ್ಥೋದ್ಭವಕ್ಕೆ ತಲಕಾವೇರಿಗೆ ಹೋಗಿ ಮುಳುಗು ಹಾಕಿ ಬಂದು ಮೂರು ತಿಂಗಳೂ ಆಗಿರಲ್ಲ.

ಇನ್ನು ಘಟಕ ಅಂದ್ರೆ ಟ್ಯಾಂಕರ್ ಬಂತು, ಸುರೀತು, ಹೋಯ್ತು ಅಂತಲ್ಲ. ಇಡೀ ವಿಷಯ ನಿಂತಿರೋದು ಗೇಟಿನಲ್ಲಿ. ಮೊದಲೇ ಸ್ಯಾಂಪಲ್ ಕೊಡಬೇಕು. ಯಾವ ತೋಟ, ಯಾವ ಕೆಲಸದ ನೀರು, ಎಷ್ಟು ಲೀಟರ್ ಅಂತ ಬರೆದು ಸಹಿ ಹಾಕಬೇಕು. ಗಾಡಿ ಬಂದಾಗ ಮೇಲಿನ ಮುಚ್ಚಳ ತೆಗೆದು ಮತ್ತೆ ಸ್ಯಾಂಪಲ್ ತೆಗೆದು, ಪಿಎಚ್, ಸಿಒಡಿ (ಕೊಳೆಯನ್ನು ರಾಸಾಯನಿಕದಿಂದ ಸುಟ್ಟು ಅಳೆಯುವ ಆಮ್ಲಜನಕದ ಲೆಕ್ಕ), ಎಣ್ಣೆ, ತಾಮ್ರದ ಅಂಶ ನೋಡಿ, ಮೊದಲಿನ ಸ್ಯಾಂಪಲ್‌ಗೆ ಹೊಂದಿದರೆ ಮಾತ್ರ ಪೈಪ್ ಜೋಡಿಸೋದು. ಹೊಂದದಿದ್ದರೆ ವಾಪಸ್, ಯಾರ ಫೋನ್ ಬಂದರೂ ವಾಪಸ್.

ಯಾಕಿಷ್ಟು ಬಿಗಿ ಅಂದ್ರೆ, ನಮ್ಮ ತೋಟಗಳಲ್ಲಿ ಮೈಲುತುತ್ತ (ತಾಮ್ರದ ಸಲ್ಫೇಟ್) ಇರುತ್ತೆ. ಅದಕ್ಕೆ ಸುಣ್ಣ ಬೆರೆಸಿ ಬೋರ್ಡೋ ಔಷಧಿ ಕಲಸಿದ ಡ್ರಮ್ಮಿನಲ್ಲೇ ಪಲ್ಪಿಂಗ್ ನೀರು ತುಂಬಿದರೆ, ಔಷಧಿ ಹೊಡೆದ ಪಂಪು ತೊಳೆದ ನೀರನ್ನೂ ಅದೇ ಹೊಂಡಕ್ಕೆ ಸುರಿದರೆ, ಆ ತಾಮ್ರ, ಘಟಕದಲ್ಲಿ ಕೊಳೆ ತಿಂದು ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾಗಳನ್ನೇ ಕೊಲ್ಲುತ್ತದೆ. ಸುಣ್ಣ ಹಾಕಿ ಹುಳಿ ತೆಗೆಯಬಹುದು, ಗಾಳಿ ಊದಬಹುದು, ಆದರೆ ಕೆಲಸ ಮಾಡೋದು ಆ ಜೀವಿಗಳೇ. ಒಬ್ಬನ ಬೇಜವಾಬ್ದಾರಿ ಲೋಡಿಗೆ ಸೀಸನ್ ಮಧ್ಯದಲ್ಲಿ ಎಲ್ಲರ ಟ್ಯಾಂಕರ್ ರಸ್ತೆಯಲ್ಲಿ ನಿಲ್ಲಬೇಕಾಗುತ್ತದೆ.

ಇನ್ನೊಂದು ತಾಪತ್ರಯ ಇದೆ. ಪಲ್ಪಿಂಗ್ ಇರೋದು ವರ್ಷದಲ್ಲಿ ಮೂರು ತಿಂಗಳು. ಮಿಕ್ಕ ಒಂಬತ್ತು ತಿಂಗಳು ಆ ಬ್ಯಾಕ್ಟೀರಿಯಾಗಳಿಗೆ ಊಟ ಎಲ್ಲಿಂದ? ಅದಕ್ಕೇ ಕಾಫಿ ನೀರಿಗೆ ಮಾತ್ರ ಅಂತ ಘಟಕ ಕಟ್ಟಿದರೆ ಅದು ಎರಡನೇ ವರ್ಷಕ್ಕೆ ತುಕ್ಕು ಹಿಡಿಯುತ್ತೆ. ಹೋಂಸ್ಟೇ, ರೆಸಾರ್ಟುಗಳ ಶೌಚದ ಪಿಟ್ ಖಾಲಿ ಮಾಡುವ ಗಾಡಿಗಳು (ಈಗ ಅವು ರಾತ್ರಿ ಎಲ್ಲಿ ಸುರಿಯುತ್ತವೆ ಅಂತ ನನ್ನ ಬಾಯಲ್ಲಿ ಹೇಳಿಸಬೇಡಿ), ಅಡಿಕೆ ಬೇಯಿಸಿದ ಚೊಗರು, ಹಂದಿ ಸಾಕಣೆಯವರ ಗೂಡು ತೊಳೆದ ನೀರು, ಎಲ್ಲವನ್ನೂ ಲೆಕ್ಕ ಹಾಕಿ ಬೆರೆಸಿ ತಗೋಬೇಕು. ಇದರಲ್ಲಿ ಲಾಭಾನೂ ಇದೆ. ಗಾಳಿ ಊದುವ ಟ್ಯಾಂಕಿನ ಬ್ಯಾಕ್ಟೀರಿಯಾಗಳಿಗೆ 100 ಪಾಲು ಬಿಒಡಿಗೆ ಸುಮಾರು 5 ಪಾಲು ಸಾರಜನಕ, 1 ಪಾಲು ರಂಜಕ ಬೇಕು. ಕಾಫಿ ನೀರಿನಲ್ಲಿ ಸಕ್ಕರೆ ಹೇರಳ, ಸಾರಜನಕ ಕಡಿಮೆ. ಹಂದಿಗೂಡಿನ ನೀರಿನಲ್ಲಿ ಸಾರಜನಕ ಬೇಕಾದಷ್ಟು. ಒಂದರ ಕೊರತೆ ಇನ್ನೊಂದು ತುಂಬುತ್ತೆ, ಸಾರಜನಕಕ್ಕೆ ಅಂತ ಹಾಕಬೇಕಾದ ಯೂರಿಯಾ ಖರ್ಚು ಉಳಿಯುತ್ತೆ.

"ಬಾವಾ, ನೀರು ಹೊತ್ತು ತಿರುಗೋ ಬಾಡಿಗೆಗೆ ಕಾಫಿ ಮಾರಬೇಕಾಗುತ್ತೆ" ಅಂತ ನಮ್ಮ ಬಳಗದಲ್ಲೇ ಒಬ್ಬರು ಅಂದರು. ಈ ಮಾತಿಗೆ ತೂಕ ಇದೆ. ನಾಪೋಕ್ಲಿನಿಂದ ಕುಶಾಲನಗರದವರೆಗೆ ತೆಳ್ಳಗಿನ ತೊಳೆನೀರು ಹೊತ್ತು ತರೋದು ಹುಚ್ಚುತನವೇ. ಅದಕ್ಕೆ ಒಂದೇ ಘಟಕ ಸಾಲದು, ಉತ್ತರಕ್ಕೊಂದು ದಕ್ಷಿಣಕ್ಕೊಂದು ಬೇಕು. ಜೊತೆಗೆ ನಾವೂ ನೀರು ಕಡಿಮೆ ಮಾಡಬೇಕು. ಪಲ್ಪರ್ ನೀರನ್ನು ಸೋಸಿ ಆ ದಿನವೆಲ್ಲಾ ತಿರುಗಿಸಿ ಬಳಸಿದರೆ ಕೊನೆಗೆ ಉಳಿಯೋದು ಕಡಿಮೆ, ಗಟ್ಟಿ ನೀರು. ಅದನ್ನು ಮಾತ್ರ ಕಳಿಸಿದರೆ ಬಾಡಿಗೆ ತಡೆದುಕೊಳ್ಳಬಹುದು.

ದುಡ್ಡಿನ ವಿಷಯ: ಸಣ್ಣ ಬೆಳೆಗಾರರಿಗೆ ಕಡಿಮೆ ದರ, ರೆಸಾರ್ಟಿನವರಿಗೆ ಪೂರ್ತಿ ದರ. ಒಂದು ರಾತ್ರಿಗೆ ಸಾವಿರಾರು ರೂಪಾಯಿ ರೂಮ್ ಬಾಡಿಗೆ ತಗೊಳ್ಳೋರಿಗೆ ಇದೇನೂ ಹೊರೆ ಅಲ್ಲ. ಮತ್ತೆ ಪ್ರತಿ ಲೋಡಿಗೂ ರಸೀದಿ ಕೊಡಿ. ತಪಾಸಣೆಗೆ ಬಂದವರು ನಮ್ಮ ಹೊಂಡ ನೋಡೋದರ ಜೊತೆ ಆ ರಸೀದಿಯನ್ನೂ ನೋಡಲಿ.

ನೀರು ತಿರುಗಿಸಿ ಬಳಸುವವರು ಇಲ್ಲಿ ಯಾರಾದರೂ ಇದ್ದರೆ ಹೇಳಿ: ರೊಬಸ್ಟಾದಲ್ಲಿ ಎಷ್ಟು ಗಂಟೆಯವರೆಗೆ ಅದೇ ನೀರು ನಡೆಯುತ್ತೆ, ಪಾರ್ಚ್‌ಮೆಂಟಿಗೆ (ಸುಲಿದು ತೊಳೆದು ಒಣಗಿಸಿದ ಬೀಜಕ್ಕೆ) ವಾಸನೆ ಹಿಡಿಯಲ್ವಾ? ಅರೇಬಿಕಾದವರ ಅನುಭವವೂ ಇದ್ದರೆ ಬರೆಯಿರಿ. ಮುಂದಿನ ಗ್ರಾಮಸಭೆಗೆ ಅರ್ಜಿ ಬರೆಯೋಕೆ ಕೂತಿದ್ದೀನಿ, ಆ ಲೆಕ್ಕ ಬೇಕು.