ಸ್ಪಷ್ಟನೆ: ಧನ್ವಂತರಿ ಹೆಸರಿನ ‘ಲಸಿಕೆ ಶ್ಲೋಕ’

‘ಹಸುವಿನ ಕೆಚ್ಚಲಿನ ಬೊಕ್ಕೆಯ ಕೀವಿನಿಂದ ಸಿಡುಬು ತಡೆಯುವ ವಿಧಾನ ಧನ್ವಂತರಿಯ ಗ್ರಂಥದಲ್ಲಿದೆ, ಇಂಗ್ಲೆಂಡಿನ ವೈದ್ಯ ಜೆನ್ನರ್ ಅದನ್ನು ಕದ್ದ’ ಎಂಬ ಸಂದೇಶ ಓಡಾಡುತ್ತಿದೆ. ತಪ್ಪು. ಆ ಮಾತು ಅಚ್ಚಿನಲ್ಲಿ ಕಾಣಿಸಿದ್ದು 1819ರಲ್ಲಿ, ‘ಮದ್ರಾಸ್ ಕೊರಿಯರ್’ ಪತ್ರಿಕೆಯಲ್ಲಿ. ಸಿಡುಬಿನ ಲಸಿಕೆ ಕುರಿತ ಜೆನ್ನರ್ ಪುಸ್ತಕ ಬಂದು ಆಗಲೇ 21 ವರ್ಷ. ಇತಿಹಾಸಕಾರರು ಮೊದಲು ಕೇಳುವುದು, ಓಲೆಗರಿ ಎಲ್ಲಿ? ಹಳೆಯ ಹಸ್ತಪ್ರತಿ ಸಿಕ್ಕಿಲ್ಲ. ಚರಕ, ಸುಶ್ರುತ ಸಂಹಿತೆಗಳಲ್ಲಿ ‘ಮಸೂರಿಕಾ’ (ಸಿಡುಬಿನಂಥ ಬೊಕ್ಕೆಯ ರೋಗ) ಬರುತ್ತದೆ, ಲಸಿಕೆ ಬರುವುದಿಲ್ಲ.

ಗೊಂದಲಕ್ಕೆ ಕಾರಣವೂ ಉಂಟು. ಬಂಗಾಳದಲ್ಲಿ ಸಿಡುಬು ತಡೆಯಲು ‘ಟೀಕಾ’ ಹಾಕುವವರಿದ್ದದ್ದು ನಿಜ. 1767ರಲ್ಲಿ ಬಂಗಾಳದಲ್ಲಿದ್ದ ಇಂಗ್ಲಿಷ್ ವೈದ್ಯ ಹಾಲ್‌ವೆಲ್ ಅದನ್ನು ವಿವರಿಸಿದ್ದಾನೆ: ತೋಳಿನ ಮೇಲೆ ಸಣ್ಣ ಗೀರುಗಳು, ಹಿಂದಿನ ವರ್ಷದ ಕೀವು ಹೀರಿದ ಹತ್ತಿ, ಎರಡು-ಮೂರು ಹನಿ ಗಂಗಾಜಲ, ಮೇಲೆ ಆರು ಗಂಟೆ ಕಟ್ಟು. ಆದರೆ ಆ ಕೀವು ಮನುಷ್ಯರ ಸಿಡುಬಿನದೇ, ಹಸುವಿನದಲ್ಲ. ಹಾಕಿಸಿಕೊಂಡವರಿಂದ ಅಕ್ಕಪಕ್ಕದವರಿಗೆ ಸಿಡುಬು ಅಂಟಬಹುದಿತ್ತು.